ಅಸ್ಸೇ ಫಾರ್ಮುಲಾದಲ್ಲಿ ನಂಬರ್ ತೆಗೆದು ವೇರಿಯಬಲ್ ಹಾಕಿದೆ, 98.92 ಇದ್ದದ್ದು 1696.8 ಆಯಿತು

ಪೀಕ್_ಪ್ರಸಂಗ ಕೇಳಿದ್ದು:

ನಮಸ್ಕಾರ. ಜಿಗಣಿ ಕಡೆ ಒಂದು ಮಾತ್ರೆ ಕಂಪನಿಯ ಕ್ಯೂಸಿಯಲ್ಲಿ (ಗುಣಮಟ್ಟ ಪರೀಕ್ಷೆ ವಿಭಾಗ) ಇದ್ದೇನೆ. ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಓಡಿಸುವುದು, ಅದರ ಸಾಫ್ಟ್‌ವೇರ್ ಎಂಪವರ್‌ನಲ್ಲಿ ಪ್ರೊಸೆಸ್ ಮಾಡುವುದು, ರಿಪೋರ್ಟ್ ತೆಗೆಯುವುದು, ಇಷ್ಟೇ ನನ್ನ ಕೆಲಸ. ಕಸ್ಟಮ್ ಫೀಲ್ಡ್ (ಸಾಫ್ಟ್‌ವೇರ್‌ನಲ್ಲಿ ನಾವೇ ಸೇರಿಸುವ ಲೆಕ್ಕದ ಅಥವಾ ಬೆಲೆ ತುಂಬುವ ಜಾಗ) ವಿಷಯಕ್ಕೆ ಹೊಸಬ.

ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆಯ ಅಸ್ಸೇಗೆ (ಲೇಬಲ್ ಹೇಳಿದ ಔಷಧದಲ್ಲಿ ಶೇಕಡಾ ಎಷ್ಟು ನಿಜವಾಗಿ ಇದೆ ಅನ್ನುವ ಪರೀಕ್ಷೆ) ನಮ್ಮಲ್ಲಿ ಒಂದು ಫೀಲ್ಡ್ ಇದೆ. ಹಿಂದೆ ಇದ್ದವರು ಮಾಡಿಟ್ಟು ಹೋದದ್ದು. ಫಾರ್ಮುಲಾ ಹೀಗಿದೆ. ಸಾಫ್ಟ್‌ವೇರ್‌ನಲ್ಲಿ ಹೆಸರುಗಳು ಇಂಗ್ಲಿಷಿನಲ್ಲಿವೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:

ಅಸ್ಸೇ = ಅಮೌಂಟ್ * 1000 / 58.3 * 580 / 500 * 100

1000 ಅಂದರೆ ಡೈಲ್ಯೂಷನ್. ಪುಡಿಯನ್ನು 100 ಎಂಎಲ್‌ಗೆ ಮಾಡಿ, ಅದರಿಂದ 5 ಎಂಎಲ್ ತೆಗೆದು 50 ಎಂಎಲ್‌ಗೆ ಮಾಡುತ್ತೇವೆ. 58.3 ತೂಗಿದ ಪುಡಿ, ಮಿಲಿಗ್ರಾಂನಲ್ಲಿ. 580 ಮಾತ್ರೆಯ ಸರಾಸರಿ ತೂಕ, 500 ಲೇಬಲ್ ಕ್ಲೈಮ್. ಸ್ಟ್ಯಾಂಡರ್ಡ್ (ಹೋಲಿಸಲು ಬಳಸುವ, ಶುದ್ಧತೆ ಗೊತ್ತಿರುವ ಔಷಧ) 50.2 ಮಿಲಿಗ್ರಾಂ ತೂಗಿದ್ದು, ಪೊಟೆನ್ಸಿ ಅಂದರೆ ಶುದ್ಧತೆ ಶೇಕಡಾ 99.6, ಡೈಲ್ಯೂಷನ್ ಅದೇ. ಹಾಗಾಗಿ ಕಾಂಪೊನೆಂಟ್ ಎಡಿಟರ್‌ನಲ್ಲಿ ಎಂಎಲ್‌ಗೆ 0.05 ಮಿಲಿಗ್ರಾಂ ಅಂತ ಕೊಟ್ಟಿದೆ. ಉತ್ತರ 98.92. ಕೈಲೆಕ್ಕ ಮಾಡಿದರೂ ಅಷ್ಟೇ ಬರುತ್ತೆ.

ಗೋಳು ಏನೆಂದರೆ 58.3 ಪ್ರತಿ ಪ್ರಿಪರೇಷನ್‌ಗೆ (ತೂಗಿ ಕರಗಿಸಿದ ಒಂದೊಂದು ಸ್ಯಾಂಪಲ್) ಬದಲಾಗುತ್ತೆ, 580 ಪ್ರತಿ ಬ್ಯಾಚ್‌ಗೆ ಬದಲಾಗುತ್ತೆ. ಆಗೆಲ್ಲ ಯಾರೋ ಒಬ್ಬರು ಫೀಲ್ಡ್ ಕಾಪಿ ಮಾಡಿ, ನಂಬರ್ ತಿದ್ದಿ, ಹೊಸ ಹೆಸರು ಇಟ್ಟಿದ್ದಾರೆ. ಅಸ್ಸೇ_ಎ, ಅಸ್ಸೇ_ಬಿ, ಅಸ್ಸೇ_ಹೊಸ, ಅಸ್ಸೇ_ಹೊಸ2. ಪ್ರಾಜೆಕ್ಟ್ ತೆರೆದರೆ ಸಂತೆ. ಈಗ ಕ್ಯೂಎ (ಗುಣಮಟ್ಟ ಖಾತರಿ ವಿಭಾಗ) ಕೇಳುತ್ತಿದ್ದಾರೆ, ಬ್ಯಾಚಿಗೊಂದು ಫಾರ್ಮುಲಾ ಆದರೆ ವ್ಯಾಲಿಡೇಟ್ ಮಾಡಿದ್ದು, ಅಂದರೆ ಸರಿ ಇದೆ ಅಂತ ಪರೀಕ್ಷಿಸಿ ದಾಖಲಿಸಿದ್ದು, ಯಾವುದನ್ನು ಅಂತ. ನ್ಯಾಯವಾದ ಪ್ರಶ್ನೆಯೇ.

ಅದಕ್ಕೆ ನಂಬರ್ ಎಲ್ಲ ತೆಗೆದು ಹೀಗೆ ಮಾಡಿದೆ:

ಅಸ್ಸೇ = ಅಮೌಂಟ್ * ಡೈಲ್ಯೂಷನ್ / ಸ್ಯಾಂಪಲ್‌ವೇಟ್ * ಸರಾಸರಿತೂಕ / ಲೇಬಲ್‌ಕ್ಲೈಮ್ * 100

ಡೈಲ್ಯೂಷನ್, ಸ್ಯಾಂಪಲ್‌ವೇಟ್ ಎರಡೂ ಸಾಫ್ಟ್‌ವೇರ್‌ನಲ್ಲೇ ಇರುವ ಫೀಲ್ಡ್. ಆಲ್ಟರ್ ಸ್ಯಾಂಪಲ್‌ಗೆ (ಸ್ಯಾಂಪಲ್ ವಿವರ ತಿದ್ದುವ ಜಾಗ) ಹೋಗಿ 1000, 58.3 ತುಂಬಿದೆ. ಉಳಿದ ಎರಡು ನಾನೇ ಮಾಡಿದ ಕೀಬೋರ್ಡ್ ಫೀಲ್ಡ್, ಅಂದರೆ ಬೆಲೆ ಕೈಯಿಂದ ಟೈಪ್ ಮಾಡುವುದು. ಪ್ರೊಸೆಸ್ ಮಾಡಿದರೆ 1696.8! ಅಮೌಂಟ್ ಕಾಲಂ ಕೂಡ ಮುಂಚೆ 0.0497 ಇತ್ತು, ಈಗ 0.8528 ತೋರಿಸುತ್ತೆ, ಅದನ್ನು ನಾನು ಮುಟ್ಟೇ ಇಲ್ಲ. ಎರಡನೇ ಪ್ರಿಪರೇಷನ್‌ಗೆ ಅಸ್ಸೇ ಜಾಗ ಖಾಲಿ. ಸ್ಟ್ಯಾಂಡರ್ಡ್ ಸಾಲುಗಳಿಗೂ ಏನೇನೋ ಅಸ್ಸೇ ಬರುತ್ತಿದೆ. ಎಲ್ಲಿ ತಪ್ಪುತ್ತಿದೆ ಹೇಳಿ ಪ್ಲೀಸ್.

ಸುಮ್ನೆ_ಸಂಗಪ್ಪ:

ಇಷ್ಟೆಲ್ಲ ತಲೆನೋವು ಯಾಕೆ? ಏರಿಯಾ (ಗ್ರಾಫ್‌ನಲ್ಲಿ ಪೀಕ್‌ನ ವಿಸ್ತೀರ್ಣ) ಮಾತ್ರ ಪ್ರಿಂಟ್ ತಗೊಳ್ಳಿ, ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ. ನಾವು ವರ್ಷಗಳಿಂದ ಹಾಗೇ ಮಾಡುತ್ತಿದ್ದೇವೆ, ಆಕಾಶ ಏನೂ ಬಿದ್ದಿಲ್ಲ.

ಬೇಸ್‌ಲೈನ್_ಭಟ್ರು:

ಪೀಕ್ ಪ್ರಸಂಗ ಅವರೇ, ಉತ್ತರ ನಿಮ್ಮ ಪೋಸ್ಟ್‌ನಲ್ಲೇ ಇದೆ. ತಪ್ಪು ಉತ್ತರವನ್ನು ಸರಿ ಉತ್ತರದಿಂದ ಭಾಗಿಸಿ ನೋಡಿ. 1696.8 ಭಾಗ 98.92, ಬರುವುದು 17.15. ಈಗ 1000 ಅನ್ನು 58.3 ರಿಂದ ಭಾಗಿಸಿ. ಅದೂ 17.15. ಅಂದರೆ ಡೈಲ್ಯೂಷನ್ ಭಾಗ ತೂಕ ಅನ್ನುವ ತುಂಡು ಎರಡು ಸಲ ಒಳಗೆ ಹೋಗಿದೆ.

ಯಾಕೆ ಅಂದರೆ ಎಂಪವರ್‌ನಲ್ಲಿ ಅಮೌಂಟ್ ಅನ್ನುವುದು ಕ್ಯಾಲಿಬ್ರೇಷನ್ ಗೆರೆಯಿಂದ (ಸ್ಟ್ಯಾಂಡರ್ಡ್‌ನ ಏರಿಯಾ ನೋಡಿ ಎಳೆದ ಗೆರೆ) ಬಂದ ಹಸಿ ಸಂಖ್ಯೆ ಅಲ್ಲ. ಗೆರೆಯಿಂದ ಬಂದದ್ದನ್ನು ಅದು ತಾನಾಗಿಯೇ ಡೈಲ್ಯೂಷನ್‌ನಿಂದ ಗುಣಿಸಿ ಸ್ಯಾಂಪಲ್‌ವೇಟ್‌ನಿಂದ ಭಾಗಿಸಿ ಆಮೇಲೆ ನಿಮಗೆ ತೋರಿಸುತ್ತೆ. ಆ ಎರಡರ ಡಿಫಾಲ್ಟ್ ಬೆಲೆ 1. ನಿಮ್ಮ ಹಳಬರು ಅವನ್ನು ಮುಟ್ಟಿರಲಿಲ್ಲ, ಹಾಗಾಗಿ ಒಳಗಿನ ಲೆಕ್ಕ ಒಂದರಿಂದ ಗುಣಿಸಿ ಒಂದರಿಂದ ಭಾಗಿಸಿ ಸುಮ್ಮನಿತ್ತು, ಹೊರಗೆ 1000, 58.3 ಅಂತ ಬರೆದದ್ದು ಸರಿಯಾಗಿ ಕೂತಿತ್ತು. ನೀವು ಆ ಜಾಗಗಳನ್ನು ತುಂಬಿದ ಕೂಡಲೇ ಒಳಗಿನ ಲೆಕ್ಕ ಎಚ್ಚರ ಆಯಿತು. ಅಮೌಂಟ್ 0.0497 ಇದ್ದದ್ದು 0.8528 ಆದದ್ದೇ ಸಾಕ್ಷಿ. ಮೊದಲನೆಯದು ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಎರಡನೆಯದು ಒಂದು ಮಿಲಿಗ್ರಾಂ ಪುಡಿಯಲ್ಲಿ ಎಷ್ಟು ಮಿಲಿಗ್ರಾಂ ಔಷಧ ಇದೆ ಅನ್ನುವ ಲೆಕ್ಕ.

ಹಾಗಾಗಿ ಫಾರ್ಮುಲಾ ಇಷ್ಟೇ ಸಾಕು:

ಅಸ್ಸೇ = ಅಮೌಂಟ್ * ಸರಾಸರಿತೂಕ / ಲೇಬಲ್‌ಕ್ಲೈಮ್ * 100

0.8528 ಗುಣಿಸು 580, ಭಾಗಿಸು 500, ಗುಣಿಸು 100. 98.92.

ಖಾಲಿ ಜಾಗದ ಕಥೆ ಬೇರೆ. ಎರಡನೇ ಪ್ರಿಪರೇಷನ್ ಸಾಲಿನಲ್ಲಿ ಸರಾಸರಿತೂಕ ತುಂಬಿದ್ದೀರಾ ನೋಡಿ, ಬಹುಶಃ ಇಲ್ಲ. ಫೀಲ್ಡ್ ಮಾಡುವಾಗ ಆಲ್ ಆರ್ ನಥಿಂಗ್ ಅನ್ನುವ ಟಿಕ್ ಇರುತ್ತೆ. ಅದು ಹಾಕಿದ್ದರೆ ಫಾರ್ಮುಲಾದ ಒಂದು ವೇರಿಯಬಲ್‌ಗೆ ಬೆಲೆ ಇಲ್ಲದಿದ್ದರೂ ಲೆಕ್ಕವೇ ಆಗುವುದಿಲ್ಲ. ದಯವಿಟ್ಟು ಅದನ್ನು ತೆಗೆಯಬೇಡಿ. ಖಾಲಿ ಬರುವುದು ಒಳ್ಳೆಯದು, ಕಣ್ಣಿಗೆ ಬೀಳುತ್ತೆ. ಸ್ಟ್ಯಾಂಡರ್ಡ್ ಸಾಲುಗಳಿಗೆ ಅಸ್ಸೇ ಬರುವುದು ಬೇಡ ಅಂದರೆ ಅದೇ ವಿಝಾರ್ಡ್‌ನಲ್ಲಿ ಸ್ಯಾಂಪಲ್ ಟೈಪ್ ಅಂತ ಇದೆ, ಅಲ್ಲಿ ಅನ್‌ನೋನ್ ಮಾತ್ರ ಅಂತ ಆರಿಸಿ.

ಇನ್ನೊಂದು. ಆಲ್ಟರ್ ಸ್ಯಾಂಪಲ್‌ನಲ್ಲಿ ತೂಕ ಬದಲಿಸಿದರೆ ಹಳೆ ರಿಸಲ್ಟ್ ತಾನಾಗಿ ಬದಲಾಗಲ್ಲ. ಮತ್ತೆ ಪ್ರೊಸೆಸ್ ಮಾಡಬೇಕು, ಆಗ ಹೊಸ ರಿಸಲ್ಟ್ ಹುಟ್ಟುತ್ತೆ, ಹಳೆಯದೂ ಇರುತ್ತೆ. ರಿಪೋರ್ಟ್‌ಗೆ ಯಾವುದು ಹೋಗುತ್ತಿದೆ ಅಂತ ಐಡಿ ನೋಡಿ ಕಳಿಸಿ.

ಪೀಕ್_ಪ್ರಸಂಗ:

ಅಬ್ಬಾ, ಭಟ್ರೇ! ಎರಡು ಪದ ತೆಗೆದೆ, 98.92 ಬಂತು. ಎರಡನೇ ಸಾಲಿನಲ್ಲಿ ಸರಾಸರಿತೂಕ ನಿಜವಾಗಲೂ ಖಾಲಿ ಇತ್ತು, ತುಂಬಿದ ಮೇಲೆ 99.31.

ಆದರೆ ಇದು ಎಲ್ಲ ಸಾಫ್ಟ್‌ವೇರ್‌ನಲ್ಲೂ ಹೀಗೇನಾ? ಇನ್ನೊಂದು ಬ್ಲಾಕ್‌ನಲ್ಲಿ ಕೆಮ್‌ಸ್ಟೇಷನ್ ಅನ್ನುವ ಬೇರೆ ಸಾಫ್ಟ್‌ವೇರ್ ಇದೆ, ಅಲ್ಲಿಗೂ ನನ್ನನ್ನೇ ಕಳಿಸುತ್ತಾರೆ.

ಬೇಸ್‌ಲೈನ್_ಭಟ್ರು:

ಇಲ್ಲ, ಅದೇ ತಮಾಷೆ. ಕೆಮ್‌ಸ್ಟೇಷನ್‌ನಲ್ಲಿ ಮಲ್ಟಿಪ್ಲೈಯರ್, ಡೈಲ್ಯೂಷನ್ ಅಂತ ಎರಡು ಜಾಗ. ಎಕ್ಸ್‌ಟರ್ನಲ್ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಎರಡರಿಂದಲೂ ಗುಣಿಸುತ್ತೆ, ಯಾವುದರಿಂದಲೂ ಭಾಗಿಸಲ್ಲ. ಎಂಪವರ್ ಅಭ್ಯಾಸದಲ್ಲಿ ತೂಕವನ್ನು ನೇರ ಅಲ್ಲಿ ತುಂಬಿದರೆ ತಲೆಕೆಳಗು. ಹೆಸರು ಒಂದೇ ಥರ ಇದೆ ಅಂತ ನಂಬಬೇಡಿ. ಆ ವೇರಿಯಬಲ್‌ಗೆ ಒಳಗೆ ಯಾವ ಕೆಲಸ ಕೊಟ್ಟಿದ್ದಾರೆ ಅಂತ ಮೊದಲು ನೋಡಬೇಕು.

ನೋಡುವುದಕ್ಕೆ ಮ್ಯಾನುವಲ್ ಓದಿ, ಸರಿ. ಅದಕ್ಕಿಂತ ಬೇಗ ಆಗುವ ದಾರಿ ಒಂದಿದೆ. ಒಂದು ಇಂಜೆಕ್ಷನ್ (ಯಂತ್ರಕ್ಕೆ ಒಮ್ಮೆ ಸ್ಯಾಂಪಲ್ ಹಾಕಿದ ಓಟ) ತಗೊಳ್ಳಿ, ಟೆಸ್ಟ್ ಪ್ರಾಜೆಕ್ಟ್‌ನಲ್ಲಿ, ಅಸಲಿ ಡೇಟಾ ಮೇಲೆ ಬೇಡ. ಒಂದೊಂದೇ ವೇರಿಯಬಲ್ ಅನ್ನು ಎರಡು ಪಟ್ಟು ಮಾಡಿ ಪ್ರೊಸೆಸ್ ಮಾಡಿ. ಡೈಲ್ಯೂಷನ್ ಎರಡು ಪಟ್ಟು ಮಾಡಿದರೆ ಅಸ್ಸೇ ಎರಡು ಪಟ್ಟು ಆಗಬೇಕು. ತೂಕ ಎರಡು ಪಟ್ಟು ಆದರೆ ಅರ್ಧ ಆಗಬೇಕು. ನಿಮ್ಮ ಮೊದಲಿನ ಫಾರ್ಮುಲಾಗೆ ಇದನ್ನು ಮಾಡಿದ್ದರೆ ಡೈಲ್ಯೂಷನ್‌ಗೆ ನಾಲ್ಕು ಪಟ್ಟು ಬರುತ್ತಿತ್ತು, ತೂಕಕ್ಕೆ ಕಾಲು ಭಾಗ. ಏನೂ ಬದಲಾಗದೇ ಇದ್ದರೆ ಆ ವೇರಿಯಬಲ್ ಫಾರ್ಮುಲಾಗೆ ತಲುಪಿಯೇ ಇಲ್ಲ ಅಂತ ಅರ್ಥ, ಅದು ಇನ್ನೂ ಅಪಾಯ. ಟೆಸ್ಟ್‌ಗೆ 1, 10, 100 ಅಂತ ಸುಂದರ ನಂಬರ್ ಹಾಕಬೇಡಿ. 1 ಹಾಕಿದರೆ ಗುಣಿಸಿದ್ದೋ ಭಾಗಿಸಿದ್ದೋ ಯಾರಿಗೆ ಗೊತ್ತಾಗಬೇಕು?

ಶೀಟ್_ಶೆಟ್ಟಿ:

ಸಂಗಪ್ಪನವರ ಎಕ್ಸೆಲ್ ಮಾತಿಗೆ ಬರುತ್ತೇನೆ. ನಾನು ಲ್ಯಾಬ್ ಶೀಟ್ ಮಾಡಿಕೊಡುವ ಕೆಲಸದಲ್ಲೇ ಇರುವವನು, ಎಕ್ಸೆಲ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಲ್ಲಿ ವೇರಿಯಬಲ್ ಸಮಸ್ಯೆ ಇಲ್ಲ ಅಂದುಕೊಂಡಿದ್ದರೆ ತಪ್ಪು, ಇನ್ನೂ ಜಾಸ್ತಿ ಇದೆ.

ಲ್ಯಾಬ್‌ನವರು ಇಡುವ ಹೆಸರು ನೋಡಿ. ಸ್ಟ್ಯಾಂಡರ್ಡ್ ತೂಕಕ್ಕೆ ಡಬ್ಲ್ಯೂಎಸ್1, ಸ್ಟ್ಯಾಂಡರ್ಡ್ ಏರಿಯಾಕ್ಕೆ ಎಎಸ್1, ಟೆಸ್ಟ್ ಏರಿಯಾಕ್ಕೆ ಎಟಿ1, ಲೇಬಲ್ ಕ್ಲೈಮ್‌ಗೆ ಎಲ್‌ಸಿ1. ಇವೆಲ್ಲ ಎಕ್ಸೆಲ್‌ನಲ್ಲಿ ಸೆಲ್ ವಿಳಾಸ! 2007 ರ ಆವೃತ್ತಿಯಿಂದ ಕಾಲಂಗಳು ಎಕ್ಸ್‌ಎಫ್‌ಡಿ ತನಕ ಹೋಗುತ್ತವೆ, ಒಟ್ಟು 16,384. ಹಾಗಾಗಿ ಮೂರು ಅಕ್ಷರದ ಒಳಗಿನ ಹೆಸರಿಗೆ ಅಂಕಿ ಅಂಟಿಸಿದರೆ ಹೆಚ್ಚುಕಡಿಮೆ ಅದು ಯಾವುದೋ ಒಂದು ಸೆಲ್. ನೇಮ್ ಮ್ಯಾನೇಜರ್‌ನಲ್ಲಿ ಆ ಹೆಸರು ಕೊಡಲು ಹೋದರೆ ಎಕ್ಸೆಲ್ ಒಪ್ಪಲ್ಲ, ಅದು ಪುಣ್ಯ. ಆದರೆ ಹೆಸರು ಕೊಡುವ ಮುಂಚೆಯೇ ಫಾರ್ಮುಲಾದಲ್ಲಿ ಟೈಪ್ ಮಾಡಿದರೆ ಬಲಗಡೆ ಎಲ್ಲೋ ದೂರ ಇರುವ ಆ ಖಾಲಿ ಸೆಲ್ ಓದಿ ಸೊನ್ನೆ ಅಂತ ತಗೊಳ್ಳುತ್ತೆ. ಛೇದದಲ್ಲಿ ಇದ್ದರೆ ಸೊನ್ನೆಯಿಂದ ಭಾಗಿಸಿದ ಎರರ್ ಬರುತ್ತೆ, ಗೊತ್ತಾಗುತ್ತೆ. ಕೂಡುವ ಕಳೆಯುವ ಜಾಗದಲ್ಲಿ ಇದ್ದರೆ ಎರರ್ ಕೂಡ ಇಲ್ಲ, ಅಂದವಾದ ತಪ್ಪು ಉತ್ತರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಈ ಎಕ್ಸೆಲ್.

ಪರಿಹಾರ ಸುಲಭ. ಹೆಸರು ಉದ್ದ ಇಡಿ. ಸ್ಟ್ಯಾಂಡರ್ಡ್_ತೂಕ_ಮಿಗ್ರಾಂ ಅಂತ ಯೂನಿಟ್ ಸಮೇತ ಇಡಿ. ಯೂನಿಟ್ ಹೆಸರಿನಲ್ಲೇ ಇದ್ದರೆ ಗ್ರಾಂ ತುಂಬುವವರು ಒಂದು ಕ್ಷಣ ನಿಲ್ಲುತ್ತಾರೆ. ಎಂಪವರ್ ಫೀಲ್ಡ್‌ಗೂ ಇದೇ ಮಾಡಿ, ಸರಾಸರಿತೂಕ ಅಂದರೆ ಮಿಲಿಗ್ರಾಮೋ ಗ್ರಾಮೋ ಅಂತ ಮುಂದೆ ಬರುವವನಿಗೆ ಹೇಗೆ ಗೊತ್ತಾಗಬೇಕು?

ರೌಂಡಿಂಗ್ ಬಗ್ಗೆಯೂ ಒಂದು ಮಾತು, ಇದನ್ನು ಎಲ್ಲ ಕಡೆ ನೋಡುತ್ತೇನೆ. ಪ್ರಿಂಟ್ ತಗೊಂಡು ಎಕ್ಸೆಲ್‌ಗೆ ಟೈಪ್ ಮಾಡುವವರು ಪ್ರಿಂಟ್‌ನಲ್ಲಿ ಕಂಡದ್ದನ್ನು ಟೈಪ್ ಮಾಡುತ್ತಾರೆ. ರಿಪೋರ್ಟ್ ಎರಡು ದಶಮಾಂಶ ತೋರಿಸಿದರೆ 0.8528 ಬದಲು 0.85 ಹೋಗುತ್ತೆ. ಆಗ ಅಸ್ಸೇ 98.6. ಅದೇ ಮಾತ್ರೆ, ಅದೇ ಇಂಜೆಕ್ಷನ್. ಲೆಕ್ಕ ಮುಗಿಯುವ ತನಕ ಪೂರ್ತಿ ಸಂಖ್ಯೆ ಹೋಗಲಿ, ಕೊನೆಯ ಉತ್ತರ ಮಾತ್ರ ರೌಂಡ್ ಮಾಡಿ. ಸಂಗಪ್ಪನವರ ದಾರಿಯಲ್ಲಿ ಈ ಕೈಯಿಂದ ಟೈಪ್ ಮಾಡುವ ಹೆಜ್ಜೆ ಇದೆ, ಅದೇ ನನಗೆ ಇಷ್ಟ ಇಲ್ಲದ್ದು.

ಸುಮ್ನೆ_ಸಂಗಪ್ಪ:

ಶೆಟ್ರೇ, ನಮ್ಮ ಶೀಟ್ ಲಾಕ್ ಆಗಿದೆ, ಪಾಸ್‌ವರ್ಡ್ ಇದೆ, ವ್ಯಾಲಿಡೇಟ್ ಆಗಿದೆ. ಟೈಪ್ ಮಾಡಿದ್ದನ್ನು ಇನ್ನೊಬ್ಬರು ಚೆಕ್ ಮಾಡಿ ಸೈನ್ ಹಾಕುತ್ತಾರೆ. ಎಂಪವರ್‌ನಲ್ಲಿ 58.3 ಟೈಪ್ ಮಾಡುವವನೂ ಮನುಷ್ಯನೇ ಅಲ್ವಾ?

ಹುಬ್ಬಳ್ಳಿ_ಸೀರಮ್:

ನಾನು ಫಾರ್ಮಾ ಅಲ್ಲ, ರಕ್ತ ಪರೀಕ್ಷೆ ಲ್ಯಾಬ್. ನಮ್ಮ ಕಡೆಯೂ ಇದೇ ಕಥೆ ಅಂತ ಓದುತ್ತಾ ಬಂದೆ. ಮೆಷಿನ್ ಅಳೆಯುವುದು ಕೆಲವು ಟೆಸ್ಟ್ ಮಾತ್ರ. ಉಳಿದದ್ದನ್ನು ಲ್ಯಾಬ್ ಸಾಫ್ಟ್‌ವೇರ್ ಫಾರ್ಮುಲಾದಿಂದ ಕೂರಿಸುತ್ತೆ.

ಭಟ್ರು ಖಾಲಿ ಬರಲಿ ಅಂದರಲ್ಲ, ಅದಕ್ಕೆ ನನ್ನ ಎರಡು ಓಟು. ಎಲ್‌ಡಿಎಲ್ ತಗೊಳ್ಳಿ. 1972 ರ ಫ್ರೀಡ್‌ವಾಲ್ಡ್ ಫಾರ್ಮುಲಾ: ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆ, ಆಮೇಲೆ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆ. ಕೊಲೆಸ್ಟರಾಲ್ 200, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಆದರೆ ಎಲ್‌ಡಿಎಲ್ 130. ಈಗ ಟ್ರೈಗ್ಲಿಸರೈಡ್ ರಿಪೀಟ್‌ಗೆ ಹೋಗಿ ಇನ್ನೂ ಬಂದಿಲ್ಲ ಅಂದುಕೊಳ್ಳಿ. ಸಾಫ್ಟ್‌ವೇರ್ ಅದನ್ನು ಸೊನ್ನೆ ಅಂತ ಓದಿದರೆ ಎಲ್‌ಡಿಎಲ್ 160 ಅಂತ ಪ್ರಿಂಟ್ ಆಗುತ್ತೆ. 1696.8 ಥರ ಎದ್ದು ಕಾಣುವ ಸಂಖ್ಯೆ ಅಲ್ಲ ಇದು. ಯಾರಿಗೂ ಅನುಮಾನ ಬರಲ್ಲ, ಗುಳಿಗೆ ಶುರು ಆಗುತ್ತೆ.

ಇನ್ನೂ ಕೆಟ್ಟದ್ದು ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು. 2021 ರ ಸಿಕೆಡಿ-ಎಪಿ ಸಮೀಕರಣದಲ್ಲಿ ಕ್ರಿಯಾಟಿನಿನ್ ಮೆಷಿನ್‌ನಿಂದ ಬರುತ್ತೆ, ವಯಸ್ಸು ಮತ್ತು ಹೆಣ್ಣೋ ಗಂಡೋ ಅನ್ನುವುದು ಮುಂದಿನ ರಿಜಿಸ್ಟ್ರೇಷನ್ ಟೇಬಲ್‌ನಿಂದ ಬರುತ್ತೆ. ವಯಸ್ಸಿನ ಪಾಲು 0.9938 ರ ಘಾತ, ವಯಸ್ಸೇ ಘಾತಾಂಕ. ಅರವತ್ತು ವರ್ಷಕ್ಕೆ ಅದು ಸುಮಾರು 0.69. ವಯಸ್ಸಿನ ಜಾಗ ಖಾಲಿ ಇದ್ದು ಸೊನ್ನೆ ಅಂತ ಓದಿದರೆ ಆ ಪಾಲು 1 ಆಗುತ್ತೆ, ಅಂದರೆ ಅರವತ್ತು ವರ್ಷದವರಿಗೆ 62 ಬರಬೇಕಾದ ಕಡೆ 90 ಬರುತ್ತೆ. ಕಿಡ್ನಿ ಗಟ್ಟಿಮುಟ್ಟು ಅಂತ ರಿಪೋರ್ಟ್. ಹಾಗಾಗಿ ನಾವು ನಿಯಮ ಹಾಕಿಸಿದ್ದೇವೆ: ಯಾವ ವೇರಿಯಬಲ್ ಖಾಲಿ ಇದ್ದರೂ ಲೆಕ್ಕದ ಟೆಸ್ಟ್ ಪೆಂಡಿಂಗ್. ಟ್ರೈಗ್ಲಿಸರೈಡ್ 400 ದಾಟಿದರೂ ಫ್ರೀಡ್‌ವಾಲ್ಡ್ ಬೇಡ, ಆ ಫಾರ್ಮುಲಾ ಅಲ್ಲಿ ನಿಲ್ಲಲ್ಲ. ಯೂನಿಟ್ ಬಗ್ಗೆ ಶೆಟ್ರು ಹೇಳಿದ್ದು ನಮಗೂ ನಿಜ. ಐದರಿಂದ ಭಾಗಿಸುವುದು ಡೆಸಿಲೀಟರ್‌ಗೆ ಮಿಲಿಗ್ರಾಂ ಇದ್ದಾಗ ಮಾತ್ರ, ಮಿಲಿಮೋಲ್‌ನಲ್ಲಿ ಅದು 2.2. ಗಲ್ಫ್‌ನಿಂದ ರಜೆಗೆ ಬಂದವರು ಅಲ್ಲಿನ ರಿಪೋರ್ಟ್ ಹಿಡಿದು ಬಂದಾಗ ಇದು ಮತ್ತೆ ಮತ್ತೆ ಎದ್ದು ಬರುತ್ತೆ.

ನಂಜನಗೂಡು_ಕ್ಯೂಎ:

ಒಳ್ಳೆ ಚರ್ಚೆ. ಕ್ಯೂಎ ಕಡೆಯಿಂದ ನನ್ನ ಮಾತು.

ಸಂಗಪ್ಪನವರು ಕೇಳಿದ್ದಕ್ಕೆ ಮೊದಲು. ಹೌದು, ಎರಡು ಕಡೆಯೂ ಟೈಪ್ ಮಾಡುವವರು ಮನುಷ್ಯರೇ. ವ್ಯತ್ಯಾಸ ಇರುವುದು ಆಮೇಲೆ. ಕ್ರೊಮಟೋಗ್ರಫಿ ಸಾಫ್ಟ್‌ವೇರ್‌ನಲ್ಲಿ 58.3 ಅನ್ನು 58.8 ಮಾಡಿದರೆ ಯಾರು, ಯಾವಾಗ, ಹಳೆ ಬೆಲೆ ಏನು, ಯಾಕೆ ಅಂತ ಆಡಿಟ್ ಟ್ರೇಲ್‌ನಲ್ಲಿ ಕೂತಿರುತ್ತೆ. 1997 ರಲ್ಲಿ ಬಂದ ಅಮೆರಿಕದ 21 ಸಿಎಫ್‌ಆರ್ ಪಾರ್ಟ್ 11 (ಎಲೆಕ್ಟ್ರಾನಿಕ್ ದಾಖಲೆಗಳ ನಿಯಮ) ಕೇಳುವುದೂ ಇಂಥ ಆಡಿಟ್ ಟ್ರೇಲ್ ಅನ್ನೇ. ನಿಮ್ಮ ಲಾಕ್ ಮಾಡಿದ ಶೀಟ್‌ನಲ್ಲಿ ಫಾರ್ಮುಲಾ ಭದ್ರ ಇರಬಹುದು, ತುಂಬಿದ ಸಂಖ್ಯೆಗೆ ಚರಿತ್ರೆ ಇರಲ್ಲ. ಶೀಟ್ ಬಳಸಲೇಬಾರದು ಅಂತ ನಾನು ಹೇಳಲ್ಲ, ಆದರೆ ಎಲ್ಲ ಲೆಕ್ಕ ಒಂದೇ ಕಡೆ ಆಗುವ ಸೌಲಭ್ಯ ಇರುವಾಗ ಹೊರಗೆ ಯಾಕೆ ಹೋಗಬೇಕು?

ಈಗ ಪೀಕ್ ಪ್ರಸಂಗ ಅವರಿಗೆ. ಪ್ರತಿ ಸಂಖ್ಯೆಗೂ ಕೇಳಬೇಕಾದ್ದು ಒಂದೇ: ಇದು ಯಾವಾಗ ಬದಲಾಗುತ್ತೆ? ಪುಡಿಯ ತೂಕ ವಯಲ್‌ನಿಂದ ವಯಲ್‌ಗೆ ಬದಲಾಗುತ್ತೆ, ಅದು ಸ್ಯಾಂಪಲ್ ಮಟ್ಟದಲ್ಲಿ. ಸರಾಸರಿ ತೂಕ ಬ್ಯಾಚ್‌ಗೆ ಒಂದು, ಆದರೂ ಒಂದೇ ಸೀಕ್ವೆನ್ಸ್‌ನಲ್ಲಿ ಎರಡು ಬ್ಯಾಚ್ ಓಡಿಸುತ್ತೀರಿ ಅಂದರೆ ಅದೂ ಸ್ಯಾಂಪಲ್ ಮಟ್ಟಕ್ಕೇ ಹೋಗಬೇಕು. ಇಂಪ್ಯೂರಿಟಿಯ (ಕಲ್ಮಶದ) ರಿಲೇಟಿವ್ ರೆಸ್ಪಾನ್ಸ್ ಫ್ಯಾಕ್ಟರ್, ಅಂದರೆ ಅಷ್ಟೇ ಪ್ರಮಾಣದ ಔಷಧಕ್ಕೆ ಹೋಲಿಸಿದರೆ ಅದರ ಪೀಕ್ ಎಷ್ಟು ಅನ್ನುವ ಸಂಖ್ಯೆ, ಪೀಕ್‌ನಿಂದ ಪೀಕ್‌ಗೆ ಬದಲಾಗುತ್ತೆ, ವಯಲ್‌ಗೆ ಬದಲಾಗಲ್ಲ, ಅದು ಪ್ರೊಸೆಸಿಂಗ್ ಮೆಥಡ್‌ನ ಕಾಂಪೊನೆಂಟ್ ಟೇಬಲ್‌ನಲ್ಲಿ, ಅಲ್ಲಿ ಸಿಕಾನ್‌ಸ್ಟ್1 ಅಂತ ಶುರುವಾಗಿ ಸ್ಥಿರಾಂಕದ ಕಾಲಂಗಳಿವೆ. 100 ಯಾವಾಗಲೂ ಬದಲಾಗಲ್ಲ, ಅದು ಫಾರ್ಮುಲಾದಲ್ಲೇ ಇರಲಿ, ಅದಕ್ಕೂ ಒಂದು ವೇರಿಯಬಲ್ ಮಾಡಿದವರನ್ನು ನೋಡಿದ್ದೇನೆ, ಪಾಪ.

ಲೇಬಲ್ ಕ್ಲೈಮ್ ನನ್ನ ಪ್ರಕಾರ ಸ್ಯಾಂಪಲ್ ಮಟ್ಟದಲ್ಲಿ ಬೇಡ. ಉತ್ಪನ್ನಕ್ಕೆ ಒಂದೇ ಸಂಖ್ಯೆ ಅದು. ಮೆಥಡ್‌ನ ಸ್ಥಿರಾಂಕದಲ್ಲಿ ಇಟ್ಟು ಮೆಥಡ್ ಲಾಕ್ ಮಾಡಿ. ಪ್ರತಿ ಸಲ ಟೈಪ್ ಮಾಡುವ ಜಾಗ ಒಂದು ಕಮ್ಮಿ.

ಬೇಸ್‌ಲೈನ್_ಭಟ್ರು:

ಲೇಬಲ್ ಕ್ಲೈಮ್‌ಗೆ ನನ್ನ ತಕರಾರು ಇದೆ. 500 ಮತ್ತು 650 ಎರಡೂ ಮಾಡುವ ಕಂಪನಿಗಳು ಬೇಕಾದಷ್ಟಿವೆ, ವಿಶ್ಲೇಷಣೆ ವಿಧಾನ ಒಂದೇ. ನಿಮ್ಮ ಲೆಕ್ಕದಲ್ಲಿ ಎರಡು ಪ್ರೊಸೆಸಿಂಗ್ ಮೆಥಡ್ ಬೇಕು, ಇಂಟಿಗ್ರೇಷನ್ (ಪೀಕ್ ಏರಿಯಾ ಅಳೆಯುವ ರೀತಿ) ತಿದ್ದುಪಡಿ ಬಂದಾಗ ಎರಡರಲ್ಲೂ ತಿದ್ದಬೇಕು, ಒಂದರಲ್ಲಿ ಮರೆತು ಹೋಗುತ್ತೆ. ಸ್ಯಾಂಪಲ್ ಮಟ್ಟದಲ್ಲಿ ಇದ್ದರೆ ಮೆಥಡ್ ಒಂದೇ ಸಾಕು. 500 ಬದಲು 650 ಟೈಪ್ ಆದರೆ 98.9 ಹೋಗಿ 76 ಬರುತ್ತೆ, ತಕ್ಷಣ ಗೊತ್ತಾಗುತ್ತೆ.

ನಂಜನಗೂಡು_ಕ್ಯೂಎ:

650 ಇದ್ದರೆ ನಿಮ್ಮ ಮಾತು ಒಪ್ಪುತ್ತೇನೆ. ಒಂದೇ ಸ್ಟ್ರೆಂತ್ ಇದ್ದರೆ ನನ್ನದೇ ಸರಿ. ಆದರೆ ತಪ್ಪಾದರೆ ಗೊತ್ತಾಗುತ್ತೆ ಅನ್ನುವ ಧೈರ್ಯ ದೊಡ್ಡ ತಪ್ಪಿಗೆ ಮಾತ್ರ. ಸರಾಸರಿ ತೂಕ 580 ಬದಲು 508 ಟೈಪ್ ಮಾಡಿದರೆ 86.6, ಗಲಾಟೆ ಆಗುತ್ತೆ, ತನಿಖೆ ಆಗುತ್ತೆ, ಸಿಗುತ್ತೆ. 580 ಬದಲು 585 ಟೈಪ್ ಮಾಡಿದರೆ 99.8. ಐಪಿ (ಇಂಡಿಯನ್ ಫಾರ್ಮಕೋಪಿಯಾ) ಮಿತಿ 95.0 ರಿಂದ 105.0, ಆರಾಮಾಗಿ ಪಾಸ್, ಯಾರೂ ತಿರುಗಿ ನೋಡಲ್ಲ.

ಅದಕ್ಕೆ ಕೀಬೋರ್ಡ್ ಫೀಲ್ಡ್ ಮಾಡುವಾಗ ಕನಿಷ್ಠ, ಗರಿಷ್ಠ ಬೆಲೆ ಕೊಡಿ. 58 ಅಂತಲೋ 5800 ಅಂತಲೋ ಟೈಪ್ ಮಾಡಿದರೆ ಅಲ್ಲೇ ತಡೆಯುತ್ತೆ. 585 ಅನ್ನು ಅದೂ ತಡೆಯಲ್ಲ, ಅದಕ್ಕೆ ಎರಡನೇ ಕಣ್ಣು ಬೇಕು, ಬ್ಯಾಲೆನ್ಸ್ ಪ್ರಿಂಟ್ ಪಕ್ಕ ಇಟ್ಟು ನೋಡುವ ಕಣ್ಣು. ಮತ್ತೆ ಡಿಫಾಲ್ಟ್ ಬೆಲೆ ಅಂತ ಒಂದು ಜಾಗ ಇರುತ್ತೆ, ದಯವಿಟ್ಟು ಅಲ್ಲಿ 1 ಅಥವಾ 500 ಅಂತ ಸುಮ್ನೆ ತುಂಬಿ ಬಿಡಬೇಡಿ. ಹುಬ್ಬಳ್ಳಿಯವರು ಹೇಳಿದ ಖಾಲಿ ಜಾಗದ ರಕ್ಷಣೆಯನ್ನು ನೀವೇ ಕಿತ್ತು ಹಾಕಿದ ಹಾಗೆ.

ಪೊಟೆನ್ಸಿ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಸ್ಟ್ಯಾಂಡರ್ಡ್ ಸರ್ಟಿಫಿಕೇಟ್‌ನಲ್ಲಿ 99.6 ಅಂತ ಇರುವುದು ಇದ್ದ ಹಾಗೇ ಬಳಸುವ ಲೆಕ್ಕವೋ, ಒಣಗಿಸಿದ ಲೆಕ್ಕವೋ ಓದಿ. ಒಣಗಿಸಿದ ಲೆಕ್ಕ ಆಗಿದ್ದು ನೀವು ಒಣಗಿಸದೆ ತೂಗಿದ್ದರೆ ತೇವದ ತಿದ್ದುಪಡಿ ಅನ್ನುವ ಇನ್ನೊಂದು ವೇರಿಯಬಲ್ ಬೇಕು. ಪ್ಯಾರಾಸಿಟಮಾಲ್‌ನಲ್ಲಿ ತೇವ ಕಮ್ಮಿ, ಹೆಚ್ಚು ವ್ಯತ್ಯಾಸ ಆಗಲ್ಲ. ನಾಳೆ ಅಮಾಕ್ಸಿಸಿಲಿನ್ ಟ್ರೈಹೈಡ್ರೇಟ್‌ಗೆ ಇದೇ ಫಾರ್ಮುಲಾ ಕಾಪಿ ಮಾಡುತ್ತೀರಿ, ಆಗ ಶೇಕಡಾ ಹದಿಮೂರರ ಹತ್ತಿರ ನೀರು. ಆಗ ಗೊತ್ತಾಗುತ್ತೆ.

ಪೀಕ್_ಪ್ರಸಂಗ:

ಎಲ್ಲರಿಗೂ ಥ್ಯಾಂಕ್ಸ್. ನಮ್ಮಲ್ಲಿ 650 ಕೂಡ ಇದೆ, ಹಾಗಾಗಿ ಲೇಬಲ್ ಕ್ಲೈಮ್ ಸ್ಯಾಂಪಲ್ ಮಟ್ಟದಲ್ಲೇ ಇಟ್ಟೆ, ಡಿಫಾಲ್ಟ್ ಖಾಲಿ. ಹೆಸರಿಗೆ ಮಿಗ್ರಾಂ ಸೇರಿಸಿದೆ. ಎರಡು ಪಟ್ಟಿನ ಟೆಸ್ಟ್ ಮಾಡಿ ಕ್ಯೂಎಗೆ ಕೊಟ್ಟೆ, ಅವರಿಗೆ ಅದು ಇಷ್ಟ ಆಯಿತು.

ಇನ್ನೆರಡು ಪ್ರಶ್ನೆ. ಒಂದು, 98.92 ಮತ್ತು 99.31 ರ ಸರಾಸರಿಯನ್ನೂ ಅಲ್ಲೇ ತೆಗೆಯಬೇಕು. ಫೀಲ್ಡ್ ಮಾಡಿದೆ, ಸ್ಯಾಂಪಲ್‌ಗಳಿಗೆ ಲೇಬಲ್ (ಸಾಫ್ಟ್‌ವೇರ್‌ನಲ್ಲಿ ಸ್ಯಾಂಪಲ್ ಗುರುತಿಸುವ ಹೆಸರು) ಕೂಡ ಕೊಟ್ಟೆ, ಆದರೆ ರಿವ್ಯೂನಲ್ಲಿ ಒಂದು ಇಂಜೆಕ್ಷನ್ ತೆರೆದು ಪ್ರೊಸೆಸ್ ಮಾಡಿದರೆ ಬೆಲೆ ಬರುತ್ತಿಲ್ಲ. ಎರಡು, ಹಳೆ ಅಸ್ಸೇ_ಎ, ಅಸ್ಸೇ_ಹೊಸ2 ಎಲ್ಲ ಡಿಲೀಟ್ ಮಾಡಬಹುದಾ?

ಬೇಸ್‌ಲೈನ್_ಭಟ್ರು:

ಮೊದಲನೆಯದು. ಒಂದು ಇಂಜೆಕ್ಷನ್ ಮಾತ್ರ ಪ್ರೊಸೆಸ್ ಮಾಡಿದರೆ ಅದಕ್ಕೆ ಪಕ್ಕದ ಇಂಜೆಕ್ಷನ್ ಇರುವುದೇ ಗೊತ್ತಿರಲ್ಲ. ಲೇಬಲ್ ಹಿಡಿದು ಹಲವು ಸ್ಯಾಂಪಲ್ ಓದುವ ಫೀಲ್ಡ್‌ಗೆ ಇಡೀ ಸ್ಯಾಂಪಲ್ ಸೆಟ್ ಒಟ್ಟಿಗೆ ಪ್ರೊಸೆಸ್ ಆಗಬೇಕು. ಜೊತೆಗೆ ಸೆಟ್‌ನ ಕೊನೆಗೆ ಸಮರೈಸ್ ಕಸ್ಟಮ್ ಫೀಲ್ಡ್ಸ್ ಅನ್ನುವ ಸಾಲು ಸೇರಿಸಿ. ಸಾಲುಗಳು ಮೇಲಿಂದ ಕೆಳಗೆ ನಡೆಯುತ್ತವೆ, ಆ ಸಾಲು ಸ್ಯಾಂಪಲ್‌ಗಳ ಮುಂಚೆ ಇದ್ದರೆ ಓದಲು ಏನೂ ಇರಲ್ಲ. ಎರಡೂ ಪ್ರಿಪರೇಷನ್‌ಗೆ ಲೇಬಲ್ ಒಂದೇ ಮಾದರಿಯಲ್ಲಿದೆಯಾ ಅಂತಲೂ ನೋಡಿ, ಒಂದರಲ್ಲಿ ಸೊನ್ನೆ ಒಂದರಲ್ಲಿ ಇಂಗ್ಲಿಷ್ ಓ ಅಕ್ಷರ ಕೂತಿರುತ್ತೆ ಕೆಲವು ಸಲ. ಸರಾಸರಿ 99.1 ಬರಬೇಕು.

ನಂಜನಗೂಡು_ಕ್ಯೂಎ:

ಎರಡನೆಯದಕ್ಕೆ: ಬೇಡ, ಕೈ ಹಾಕಬೇಡಿ. ಬಿಡುಗಡೆ ಆದ ಬ್ಯಾಚ್‌ಗಳ ರಿಸಲ್ಟ್ ಆ ಫೀಲ್ಡ್‌ಗಳ ಮೇಲೆ ನಿಂತಿದೆ, ಇನ್‌ಸ್ಪೆಕ್ಟರ್ ಹಳೆ ರಿಪೋರ್ಟ್ ಕೇಳಿದರೆ ಅವು ಬೇಕು. ಕಸ್ಟಮ್ ಫೀಲ್ಡ್ ಪ್ರಾಜೆಕ್ಟ್‌ಗೆ ಸೇರಿದ್ದು. ಹಾಗಾಗಿ ಹೊಸ ಪ್ರಾಜೆಕ್ಟ್ ಮಾಡಿ, ಅದರಲ್ಲಿ ವ್ಯಾಲಿಡೇಟ್ ಆದ ಹೊಸ ಫೀಲ್ಡ್‌ಗಳು ಮಾತ್ರ ಇರಲಿ, ಮುಂದಿನ ಪ್ರಾಜೆಕ್ಟ್‌ಗಳಿಗೆ ಅದನ್ನೇ ಮಾದರಿ ಇಟ್ಟುಕೊಳ್ಳಿ. ಫೀಲ್ಡ್ ತಿದ್ದುವ ಹಕ್ಕು ಅನಲಿಸ್ಟ್ ಲಾಗಿನ್‌ಗೆ ಇದ್ದರೆ ಇವತ್ತೇ ತೆಗೆಸಿ, ಇಲ್ಲಾಂದ್ರೆ ಮುಂದಿನ ತಿಂಗಳು ಅಸ್ಸೇ_ಹೊಸ3 ಹುಟ್ಟುತ್ತೆ. ಹಳೆ ಪ್ರಾಜೆಕ್ಟ್ ಬ್ಯಾಕಪ್ ತಗೊಂಡು, ತೆರೆದು ಓದಲು ಆಗುತ್ತೆ ಅಂತ ಪರೀಕ್ಷೆ ಮಾಡಿ, ಆಮೇಲೆ ಲಾಕ್ ಮಾಡಿ.